ಬಕೆಟ್ಟಿನಲ್ಲಿ ಎರಡು ರೂಪಾಯಿ, ಕಪಾಟಿನ ಮೇಲೆ ಬಿಲ್ಲು

ಪುಣೆ, ಭಾನುವಾರ, 16 ಫೆಬ್ರವರಿ 2025

ಬೆಳಿಗ್ಗೆ ಎದ್ದವನೇ ಬಚ್ಚಲಿನ ನೀಲಿ ಬಕೆಟ್ಟನ್ನು ಬಾಲ್ಕನಿಗೆ ತಂದು, ಕಂಠದವರೆಗೆ ನೀರು ತುಂಬಿ, ತಳಕ್ಕೆ ಎರಡು ರೂಪಾಯಿಯ ನಾಣ್ಯ ಹಾಕಿದೆ. ಪರದೆ ಕಟ್ಟುವ ಕೋಲನ್ನು ಓರೆಯಾಗಿ ಹಿಡಿದು, ನಾಣ್ಯಕ್ಕೆ ಸರಿಯಾಗಿ ಗುರಿಯಿಟ್ಟು, ಒಂದೇ ಸಲಕ್ಕೆ ಚುಚ್ಚಿದೆ. ಕೋಲು ನಾಣ್ಯವನ್ನು ದಾಟಿ ನಾಲ್ಕು ಬೆರಳು ಆಚೆ ಹೋಗಿ ಬಕೆಟ್ಟಿನ ತಳಕ್ಕೆ ಬಡಿಯಿತು. ಐದು ಸಲವೂ ಅದೇ ಕಥೆ. ಮಗಳು ಹಲ್ಲುಜ್ಜುತ್ತಾ ಬಂದು ನಿಂತಳು. ಅವಳೂ ಎರಡು ಸಲ ತಪ್ಪಿದಳು, ಮೂರನೆಯ ಸಲ ಕೋಲಿನ ತುದಿಯನ್ನು ತನ್ನತ್ತ ಇಳಿಸಿ, ನಾಣ್ಯ ಕಾಣುವ ಜಾಗಕ್ಕಿಂತ ಕೆಳಗೆ ಚುಚ್ಚಿದಳು. ಟಣ್ ಎಂದಿತು.

ನೀರಿನಲ್ಲಿರುವುದು ಇದ್ದಲ್ಲಿ ಕಾಣುವುದಿಲ್ಲ, ಮೇಲೆ ತೇಲಿದಂತೆ ಕಾಣುತ್ತದೆ. ಬಿಲ್ಲಿನಿಂದ ಮೀನು ಹೊಡೆಯುವವನು ಮೀನಿಗೆ ಗುರಿಯಿಟ್ಟರೆ ಬಾಣ ಅದರ ಬೆನ್ನ ಮೇಲಿಂದ ಹಾದುಹೋಗುತ್ತದೆ. ಅಮೆರಿಕದ ಮಿಸೌರಿಯಲ್ಲಿರುವ ಭಾವಮೈದುನ ಅಲ್ಲಿ ಹೀಗೆ ಮೀನು ಹೊಡೆಯುವವರ ಲೆಕ್ಕ ಹೇಳಿದ್ದ: ಮೀನು ಹತ್ತು ಅಡಿ ದೂರದಲ್ಲಿ, ಒಂದು ಅಡಿ ಆಳದಲ್ಲಿದ್ದರೆ ನಾಲ್ಕು ಇಂಚು ಕೆಳಗೆ ಹೊಡೆಯಬೇಕು. ಫೋನಿನಲ್ಲಿ ಕೇಳಿದಾಗ ತಲೆಯಾಡಿಸಿದ್ದೆ. ಅರ್ಥವಾದದ್ದು ಇಂದು, ಬಕೆಟ್ಟಿನ ಮುಂದೆ.

ಇಷ್ಟಕ್ಕೆಲ್ಲ ಕಾರಣ ಅಕ್ಕಲಕೋಟೆಯ ಹತ್ತಿರ ಹೊಲ ಮಾಡುವ ಮಾಮಾ. ಸಂಕ್ರಾಂತಿಯ ದಿನ ಫೋನ್ ಮಾಡಿದಾಗ, "ಕೃಷಿ ಹೊಂಡದ ತುಂಬ ಚಿಲಾಪಿ ಆಗಿದೆ, ಕಟ್ಲಾ ಮೀನಿನ ಮರಿ ಬಿಟ್ಟರೆ ಅವುಗಳ ಪಾಲನ್ನೂ ಇವೇ ತಿಂದುಬಿಡುತ್ತವೆ. ನೀನು ಶಾಲೆಯಲ್ಲಿ ಬಿಲ್ಲು ಹಿಡಿದವನಲ್ಲವೇ, ಬಂದು ಹೊಡೆದುಕೊಂಡು ಹೋಗು" ಎಂದು ನಕ್ಕಿದ್ದರು. ಚಿಲಾಪಿ ಎಂದರೆ ತಿಲಾಪಿಯಾ. ಕರ್ನಾಟಕದ ಸಂತೆಗಳಲ್ಲಿ ಅದನ್ನೇ ಜಿಲೇಬಿ ಮೀನು ಎಂದು ಮಾರುತ್ತಾರೆ. ಆಫ್ರಿಕದ ಈ ಮೀನು ಭಾರತದ ನೀರಿಗೆ ಬಂದದ್ದು 1952ರಲ್ಲಿ, ಹೋಗುವ ಲಕ್ಷಣ ಇನ್ನೂ ಇಲ್ಲ. ಮಾಮಾ ಹೇಳಿದ್ದು ತಮಾಷೆಗೆ. ಅದನ್ನು ಕರೆಯೋಲೆ ಮಾಡಿಕೊಂಡವನು ನಾನು.

ಕಪಾಟಿನ ಮೇಲಿರುವ ಹಳೆಯ ಬಿಲ್ಲು ಇಂಡಿಯನ್ ರೌಂಡ್ ಸ್ಪರ್ಧೆಯ ಬಿದಿರಿನದು, 30 ಮತ್ತು 50 ಮೀಟರಿಗೆ ಹೊಡೆದದ್ದು. ಪ್ರೀತಿಯ ಬಿಲ್ಲು, ಆದರೆ ಈ ಕೆಲಸಕ್ಕಲ್ಲ. ನೀರು ಅದಕ್ಕೆ ಆಗದು, ಜೊತೆಗೆ ಬಾಣಕ್ಕೆ ಕಟ್ಟುವ ದಾರದ ರೀಲನ್ನು ಕೂರಿಸಲು ಅದರ ಮೈಯಲ್ಲಿ ಒಂದು ತೂತೂ ಇಲ್ಲ. ಹೀಗಾಗಿ ನಿನ್ನೆ ಲಕ್ಷ್ಮಿ ರಸ್ತೆಯ ಕಡೆ ಒಂದು ಕ್ರೀಡಾ ಸಾಮಗ್ರಿಯ ಅಂಗಡಿ ಹತ್ತಿದೆ. ಅಂಗಡಿಯವರು ಮೊದಲು ಕಾಂಪೌಂಡ್ ಬಿಲ್ಲನ್ನೇ ಮುಂದಿಟ್ಟರು. ಗಾಲಿ, ತಂತಿ, ಮಿರುಗು, ನೋಡಲು ಒಳ್ಳೆಯ ಯಂತ್ರ. ಪೂರ್ತಿ ಎಳೆದ ಮೇಲೆ ಭಾರ ಇಳಿದು ಕೈಗೆ ಹಗುರವಾಗುವುದು ಅದರ ಹೆಗ್ಗಳಿಕೆ. ಆದರೆ ಮೀನು ನಮಗಾಗಿ ಕಾಯುವುದಿಲ್ಲ. ಕಂಡ ಕ್ಷಣ ಅರ್ಧ ಸೆಳೆದು ಬಿಡಬೇಕಾಗುತ್ತದೆ, ಆ ಅರ್ಧ ದಾರಿಯಲ್ಲಿ ಸಾಮಾನ್ಯ ಕಾಂಪೌಂಡ್ ಒಪ್ಪುವುದಿಲ್ಲ. ಮೀನು ಬೇಟೆಗೆಂದೇ ಭಾರ ಇಳಿಯದ ಕಾಂಪೌಂಡ್‌ಗಳೂ ಇವೆ, ಆ ಅಂಗಡಿಯಲ್ಲಿ ಇರಲಿಲ್ಲ. ನನಗೆ ಬೇಕಾದದ್ದು ರಿಕರ್ವ್, ತುದಿಗಳು ಮುಂದಕ್ಕೆ ಬಾಗಿದ, ಗಾಲಿಯಿಲ್ಲದ ಬಿಲ್ಲು. ಎಲ್ಲಿಯವರೆಗೆ ಸೆಳೆದರೂ ಅಷ್ಟಕ್ಕೆ ತಕ್ಕಂತೆ ಬಾಣ ಬಿಡುತ್ತದೆ, ತೋಳುಗಳನ್ನು ಬಿಚ್ಚಿ ಚೀಲಕ್ಕೆ ಹಾಕಬಹುದು, ಕೆಸರಾದರೆ ತೊಳೆಯಬಹುದು.

ತೂಕದ, ಅಂದರೆ ಹೆದೆ ಸೆಳೆಯಲು ಬೇಕಾದ ಬಲದ ವಿಷಯದಲ್ಲಿ ಅಂಗಡಿಯವರು 50 ಪೌಂಡ್ ಎಂದರು, ನಾನು 35 ಎಂದೆ. ಬಿಲ್ಲಿನ ಮೇಲೆ ಬರೆದ ಪೌಂಡ್ 28 ಇಂಚು ಸೆಳೆದಾಗಿನ ಲೆಕ್ಕ. ನನ್ನ ಕೈ 27ಕ್ಕೇ ಮುಗಿಯುತ್ತದೆ, ಆದ್ದರಿಂದ ಎರಡು ಪೌಂಡಿನಷ್ಟು ಅಲ್ಲೇ ಹೋಯಿತು. ಹೋಗಲಿ. ಅಂಗೈಯಗಲದ ಚಿಲಾಪಿಗೆ ಅದೇ ಹೆಚ್ಚು. ಇಡೀ ಬೆಳಿಗ್ಗೆ ಸೆಳೆದು ಬಿಟ್ಟು ಮಾಡಬೇಕಾದ ಭುಜ 42 ವರ್ಷದ್ದು ಎಂಬುದನ್ನು ಅಂಗಡಿಯವರಿಗೆ ಹೇಳಲಿಲ್ಲ. ಗುರಿ ಹಿಡಿಯಲು ಬಿಲ್ಲಿಗೆ ಕೂರಿಸುವ ದರ್ಶಕ ಬೇಡ ಎಂದಾಗ ಅವರಿಗೆ ಬೇಸರವಾಯಿತು. ಕಾಣುವ ಜಾಗದಲ್ಲಿ ಇರದ ಮೀನಿಗೆ ಸೂಜಿಮೊನೆಯ ದರ್ಶಕ ಏನು ಮಾಡೀತು? ಬದಲಿಗೆ ಹೆದೆಯ ಮೇಲೆ ಬೆರಳಿಡುವ ಕಡೆ ರಬ್ಬರ್ ಕೊಳವೆ ಹಾಕಿಸಿದೆ, ಒದ್ದೆ ಕೈಗೆ ಅದೇ ಗತಿ. ನೀರಿನ ಹೊಳಪು ಕೊಯ್ಯುವ ಪೋಲರೈಸ್ಡ್ ಕನ್ನಡಕ ಬೈಕಿನ ದಯೆಯಿಂದ ಮನೆಯಲ್ಲೇ ಇದೆ.

ಬಿಲ್ಲು ಹೇಗಿದ್ದರೂ ನಡೆಯುತ್ತದೆ, ದಾರದಲ್ಲಿ ಮಾತ್ರ ತಪ್ಪು ನಡೆಯುವುದಿಲ್ಲ ಎಂದು ಭಾವಮೈದುನ ಹತ್ತು ಸಲ ಹೇಳಿದ್ದಾನೆ. ಅವನು ಕಳಿಸಿದ ಒಂದು ಬಾಣ ನನ್ನ ಮೇಜಿನ ಮೇಲಿದೆ. ಗಟ್ಟಿ ಫೈಬರ್‌ಗ್ಲಾಸ್, ಸುಮಾರು ಎಂಟು ಮಿಲಿಮೀಟರ್ ದಪ್ಪ, ಗರಿಯಿಲ್ಲ, ನಮ್ಮ ಗುರಿಬಾಣದ ಪಕ್ಕದಲ್ಲಿ ಹಾರೆಯಂತೆ ಕಾಣುತ್ತದೆ. ಮೊನೆಯಲ್ಲಿ ಎರಡು ಮುಳ್ಳುಕೊಕ್ಕೆ. ಮೊನೆಯನ್ನು ತಿರುಗಿಸಿ ಸಡಿಲಿಸಿದರೆ ಅವು ಮುಂದಕ್ಕೆ ಮಡಿಯುತ್ತವೆ, ಆಗಲೇ ಮೀನು ಬಿಡಿಸಲು ಬರುವುದು. ಬಾಣದ ಮೈಮೇಲೆ ಒಂದು ಪುಟ್ಟ ಪ್ಲಾಸ್ಟಿಕ್ ತುಂಡು ಹಿಂದೆ ಮುಂದೆ ಜಾರುತ್ತದೆ. ದಾರ ಕಟ್ಟುವುದು ಅದಕ್ಕೆ. ಬಿಲ್ಲು ಸೆಳೆದಾಗ ಆ ತುಂಡು ಮುಂದೆಯೇ, ಹೆದೆಯಿಂದ ದೂರ ಉಳಿಯುತ್ತದೆ. ಬಿಟ್ಟ ಮೇಲೆ ಬಾಲಕ್ಕೆ ಜಾರುತ್ತದೆ. ಅದು ಬೇಡವೆಂದು ದಾರವನ್ನು ಬಾಲದ ತೂತಿಗೇ ಕಟ್ಟಿದರೆ, ಯಾವುದೋ ಒಂದು ಸಲ ದಾರ ಹೆದೆಗೆ ಸಿಕ್ಕಿಕೊಳ್ಳುತ್ತದೆ. ಆಗ ಬಾಣ ಅಷ್ಟು ದೂರ ಹೋಗಿ, ಎಳೆತಕ್ಕೆ ಸಿಕ್ಕಿ, ಬಿಟ್ಟವನ ಮುಖಕ್ಕೇ ವಾಪಸಾಗುತ್ತದೆ. ಆ ತುಂಡನ್ನು ಬೆರಳಿನಲ್ಲಿ ಹಿಡಿದು ನೋಡಿದೆ. ಪೆನ್ನಿನ ಮುಚ್ಚಳಕ್ಕಿಂತ ಚಿಕ್ಕದು.

ರೀಲಿನಲ್ಲೂ ಇದೇ ಭಯ. ಗುಂಡಿ ಒತ್ತಿದ ಮೇಲೆ ದಾರ ಬಿಡುವ ಬಗೆಯದು ವೇಗದ್ದು, ಆದರೆ ಮರೆತು ಹೊಡೆದರೆ ದಾರ ಕಿತ್ತುಹೋಗುತ್ತದೆ ಅಥವಾ ಬಾಣ ತಿರುಗಿ ಬರುತ್ತದೆ. ಗ್ಯಾಸ್ ಆರಿಸಿದೆನೇ ಎಂದು ಮೆಟ್ಟಿಲಿಂದ ಹಿಂದಿರುಗುವ ನನ್ನಂಥವನಿಗೆ ಅದು ಬೇಡ. ದಾರ ಸಡಿಲವಾಗಿ ಬೀಳುವ ಬಾಟಲಿ ರೀಲೇ ಸಾಕು, ಸುತ್ತುವುದು ನಿಧಾನವಾದರೂ ಒತ್ತಲು ಮರೆಯುವ ಗುಂಡಿಯಿಲ್ಲ. ಮಾರ್ಚಿನಲ್ಲಿ ಭಾವಮೈದುನ ತರುತ್ತಾನೆ.

ಪುಣೆಯ ಹತ್ತಿರದ ಖಡಕವಾಸಲೆ ಅಣೆಕಟ್ಟಿಗೆ ಏಕೆ ಹೋಗಬಾರದು ಎಂದು ಹೆಂಡತಿ ಕೇಳಿದಳು. ಭಾನುವಾರ ದಂಡೆಯುದ್ದಕ್ಕೂ ಜೋಳದ ತೆನೆ ಸುಡುವವರು, ಮಕ್ಕಳು, ಫೋಟೋ ತೆಗೆಯುವವರು. ಅಲ್ಲದೆ ಅಣೆಕಟ್ಟಿನ ಮೀನು ಸಾಮಾನ್ಯವಾಗಿ ಗುತ್ತಿಗೆ ಪಡೆದ ಮೀನುಗಾರರ ಸಂಘದ್ದು. ಗಾಳಕ್ಕೆ ಬೇರೆ ಮೀನು ಬಿದ್ದರೆ ಬಿಟ್ಟುಬಿಡಬಹುದು, ಬಾಣಕ್ಕೆ ಬಿದ್ದದ್ದನ್ನು ಏನೆಂದು ಬಿಡುವುದು? ಹೊಂಡವೇ ಸರಿ, ಅಲ್ಲಿ ಮಾಮಾ ಒಬ್ಬರ ಒಪ್ಪಿಗೆ ಸಾಕು.

ಮಧ್ಯಾಹ್ನ ಊಟವಾದ ಮೇಲೆ ಆ ಒಪ್ಪಿಗೆ ಕೇಳಲು ಫೋನ್ ಮಾಡಿ, ಬಿಲ್ಲು, ಬಾಣ, ಕೊಕ್ಕೆ, ರೀಲು ಎಲ್ಲವನ್ನೂ ವರ್ಣಿಸಿದೆ. ಮಾಮಾ ಸಮಾಧಾನದಿಂದ ಕೇಳಿಸಿಕೊಂಡರು.

"ಎಲ್ಲ ಸರಿ, ಬಾಣ ತಪ್ಪಿದರೆ ಎಲ್ಲಿಗೆ ಹೋಗುತ್ತದೆ?"

"ತಳಕ್ಕೆ, ಮಾಮಾ. ದಾರ ಇದೆಯಲ್ಲ, ಎಳೆದುಕೊಳ್ಳುತ್ತೇನೆ."

"ತಳದಲ್ಲಿ ಏನಿದೆ?"

ನಾನು ಸುಮ್ಮನಾದೆ. ಹೊಂಡದ ತಳದಲ್ಲಿ, ನಾಲ್ಕೂ ದಂಡೆಯಲ್ಲಿ, ನೀರು ಇಂಗದಂತೆ ಹಾಸಿದ ಕರಿಯ ಪ್ಲಾಸ್ಟಿಕ್ ಇದೆ. ಎರಡು ವರ್ಷದ ಹಿಂದೆ ಅದನ್ನು ಹಾಸುವಾಗ ಒಂದು ಮೂಲೆ ಹಿಡಿದು ನಿಂತವನು ನಾನೇ. ಚಪ್ಪಲಿ ಹಾಕಿಕೊಂಡು ಅದರ ಮೇಲೆ ಕಾಲಿಟ್ಟದ್ದಕ್ಕೆ ಅಂದು ಬೈಸಿಕೊಂಡಿದ್ದೆ.

"ಬರುವಾಗ ಬಲೆ ತೆಗೆದುಕೊಂಡು ಬಾ" ಎಂದು ಮಾಮಾ ಫೋನ್ ಇಟ್ಟರು.

ರಿಕರ್ವ್‌ಗೆ ಮುಂಗಡ ಕೊಟ್ಟಾಗಿದೆ. ಹೆಂಡತಿಗೆ ಇನ್ನೂ ಹೇಳಿಲ್ಲ. ಬಾಲ್ಕನಿಯಲ್ಲಿ ಮಗಳು ಬಕೆಟ್ಟಿಗೆ ಇನ್ನೊಂದು ನಾಣ್ಯ ಹಾಕಿಕೊಂಡಿದ್ದಾಳೆ, ಟಣ್ ಎನ್ನುವುದು ಇಲ್ಲಿಯವರೆಗೂ ಕೇಳಿಸುತ್ತಿದೆ.