ಹರಕೆಯ ಚಿಲ್ಲರೆ

ಅಮ್ಮನ ಮುಡಿಪು ಐದು ವರ್ಷ ದೇವರ ಕೋಣೆಯಲ್ಲೇ ಇತ್ತು. ಗಣಪತಿ ಪಟದ ಹಿಂದಿನ ಮೊಳೆಗೆ ಕಟ್ಟಿದ್ದ ಸಣ್ಣ ಹಳದಿ ಬಟ್ಟೆಯ ಗಂಟು. ಪಟ ಒರೆಸಲು ಹೋದವರ ಕೈ ತಾಗಿದರೆ ಗಲ್ ಅನ್ನುತ್ತಿತ್ತು. ಒಳಗಿನಿಂದ ಅಮ್ಮ ಕೂಗುತ್ತಿದ್ದಳು, "ಅದನ್ನು ಮುಟ್ಟಬೇಡಿ, ಲೆಕ್ಕ ತಪ್ಪುತ್ತದೆ!"

ಮುಡಿಪಿನಲ್ಲಿ ಲೆಕ್ಕ ತಪ್ಪುವುದಕ್ಕೆ ಎಂತ ಉಂಟು? ಕಷ್ಟ ಬಂದಾಗ ದೇವರನ್ನು ನೆನೆದು ಒಂದು ನಾಣ್ಯ ಕಟ್ಟಿಡುತ್ತೇವೆ. ಕಷ್ಟ ಕಳೆದ ಮೇಲೆ ಹೋಗಿ ಡಬ್ಬಿಗೆ ಹಾಕಿ ಬರುತ್ತೇವೆ. ಅಷ್ಟೇ ಅಲ್ವಾ? ಆದರೆ ಅಮ್ಮನ ಗಂಟು ದಪ್ಪ ಆಗುತ್ತಾ ಹೋಯಿತು.

ನಮ್ಮ ಮನೆ ಕಾಸರಗೋಡಿನ ನೀರ್ಚಾಲಿನ ಹತ್ತಿರ. 1956ರ ನವೆಂಬರ್ 1ರಿಂದ ನಾವು ಕೇರಳದವರು. ರೇಷನ್ ಕಾರ್ಡ್ ಮಲಯಾಳದಲ್ಲಿ, ಮನೆಮಾತು ಕನ್ನಡ, ಪೇಟೆಯಲ್ಲಿ ತುಳು. ಆದರೆ ಕಾಯಿಲೆ ಬಿದ್ದರೆ ನಾವು ಮಂಗಳೂರಿನವರು. ಅಪ್ಪನಿಗೆ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಮೂರು ದಿನ ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿ ಬರುವುದು ಅಭ್ಯಾಸವೇ ಆಗಿತ್ತು. ನೀರು ಅಳೆದು ಕುಡಿಯಬೇಕು. ಉಪ್ಪು ಕಡಿಮೆ. ಎಳನೀರಂತೂ ಮುಟ್ಟುವ ಹಾಗಿಲ್ಲ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ತಾನೇ ನೆಟ್ಟ ತೆಂಗಿನ ಮರದ ಕೆಳಗೆ ಕುರ್ಚಿ ಹಾಕಿ ಕೂತು ಅಪ್ಪ ಮೇಲೆ ನೋಡುತ್ತಿದ್ದರು. "ಸುಮ್ನೆ ನೋಡುವುದಕ್ಕೆ ಡಾಕ್ಟರರ ಅಡ್ಡಿ ಇಲ್ಲ" ಅನ್ನುತ್ತಿದ್ದರು.

2020ರ ಮಾರ್ಚ್ ಕೊನೆಯಲ್ಲಿ ಆ ದಾರಿ ಮುಚ್ಚಿತು. ಕಾಸರಗೋಡಿನಲ್ಲಿ ಕೊರೊನಾ ಜೋರಾಗಿತ್ತು. ತಲಪಾಡಿಯಲ್ಲಿ ತಡೆ. ಒಳದಾರಿಗಳಿಗೂ ಮಣ್ಣು ಸುರಿದಿದ್ದರು. ಗಡಿ ದಾಟಲಾಗದೆ, ಚಿಕಿತ್ಸೆ ಸಿಗದೆ ತೀರಿಕೊಂಡವರ ಸುದ್ದಿ ಪತ್ರಿಕೆಯಲ್ಲಿ ಬರುತ್ತಿತ್ತು. ಅಪ್ಪ ಓದಬಾರದೆಂದು ನಾನು ಆ ಪುಟ ತೆಗೆದಿಡುತ್ತಿದ್ದೆ. ಅವರಿಗೆ ಗೊತ್ತಾಗುತ್ತಿತ್ತು. ಪುಟದ ನಂಬರು ನೋಡಿ ನಗುತ್ತಿದ್ದರು.

ಒಂದು ಸರದಿ ತಪ್ಪಿತು. ಕಾಲು ಊದಿತು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬು ಒರಗಿಸಿ ಕೂತರು. ಆ ರಾತ್ರಿಯೇ ಅಮ್ಮ ಹಳದಿ ಬಟ್ಟೆ ಹುಡುಕಿದ್ದು. ಮಧೂರು ಗಣಪತಿಗೆ ಅಪ್ಪದ ಸೇವೆ, ಕರಿದ ಸಿಹಿತಿಂಡಿಯ ಸೇವೆ, ಮಾಡಿಸುತ್ತೇನೆ ಎಂದು ಒಂದು ರೂಪಾಯಿ ಕಟ್ಟಿಟ್ಟಳು.

ಬೆಳಿಗ್ಗೆ ಆಚೆ ಮನೆಯವರು ಹೇಗೋ ವಿಷಯ ತಿಳಿದು ಬೇಲಿಯ ಹತ್ತಿರ ನಿಂತರು. ಒಳಗೆ ಬರುವ ಹಾಗಿಲ್ಲ, ಹೋಗುವ ಹಾಗೂ ಇಲ್ಲ. ಅವರು ವಾರ್ಡಿನ ಮೆಂಬರಿಗೆ ಫೋನ್ ಮಾಡಿದರು. ಮೆಂಬರು ಇನ್ಯಾರಿಗೋ ಮಾಡಿದರು. ಆಶಾ ಕಾರ್ಯಕರ್ತೆ ಮಧ್ಯಾಹ್ನದ ಬಿಸಿಲಿನಲ್ಲಿ ನಡೆದುಕೊಂಡು ಬಂದು ಹಳೆಯ ಚೀಟಿಗಳ ಫೋಟೋ ತೆಗೆದುಕೊಂಡು ಹೋದರು. ಸಂಜೆಗೆ ಕಣ್ಣೂರು ಕಡೆಯ ಒಂದು ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತು. ಹೋಗುವುದು ಹೇಗೆ? ನಮ್ಮ ಆಟೋದ ಇಚ್ಚ, ಯಾವಾಗಲೂ ಅಪ್ಪನನ್ನು ಬಸ್ಸಿಗೆ ಬಿಡುತ್ತಿದ್ದವರು, ತಮ್ಮನ ಕಾರು ಕೇಳಿ ತಂದರು. ದಾರಿಯುದ್ದಕ್ಕೂ ಪೊಲೀಸರು ಕೈ ತೋರಿಸಿದಲ್ಲೆಲ್ಲ ಅವರೇ ಇಳಿದು ಮಲಯಾಳದಲ್ಲಿ ಮಾತಾಡಿದರು. ನನಗೂ ಮಲಯಾಳ ಬರುತ್ತದೆ. ಆದರೆ ಆ ದಿನ ಯಾವ ಭಾಷೆಯೂ ಬಾಯಿಗೆ ಬರಲಿಲ್ಲ.

ಅಪ್ಪ ಬದುಕಿದರು. ಮನೆಗೆ ಬಂದ ರಾತ್ರಿ ಅಮ್ಮ ಗಂಟು ಬಿಚ್ಚಿ ಇನ್ನೂ ನಾಲ್ಕು ನಾಣ್ಯ ಹಾಕಿ ಕಟ್ಟಿದಳು. ಆಚೆ ಮನೆಯವರದ್ದು, ಮೆಂಬರಿನದ್ದು, ಆಶಾ ಕಾರ್ಯಕರ್ತೆಯದ್ದು, ಇಚ್ಚನದ್ದು. ಮುಡಿಪು ಅಂದರೆ ಹೀಗಲ್ಲ ಎಂದು ನಾನು ಹೇಳಿದೆ. "ಗಣಪತಿ ಒಬ್ಬನೇ ಬಂದನಾ ಕಾರು ಬಿಡಲಿಕ್ಕೆ?" ಎಂದು ಕೇಳಿದಳು.

ಹದಿನೈದು ದಿನ ಕಳೆಯುವಷ್ಟರಲ್ಲಿ ಬಿಸು ಬಂತು, ನಮ್ಮ ಕಡೆಯ ಹೊಸ ವರ್ಷ, ಏಪ್ರಿಲ್ 14. ಬೆಳಿಗ್ಗೆ ಎದ್ದ ಕೂಡಲೇ ನೋಡಲು ಬಿಸುವಿನ ಹಿಂದಿನ ರಾತ್ರಿ ಕಣಿ ಇಡುವ ಕೆಲಸ ಯಾವಾಗಲೂ ಅಮ್ಮನದ್ದು. ಅಕ್ಕಿ ತುಂಬಿದ ಹರಿವಾಣ, ತೆಂಗಿನಕಾಯಿ, ಸೌತೆಕಾಯಿ, ಎಳೆ ಹಲಸು, ತೊಟ್ಟು ಬೀಜದ ಸಮೇತ ಗೇರುಹಣ್ಣು, ವೀಳ್ಯದೆಲೆ, ಅಡಿಕೆ, ಚಿನ್ನದ ಒಂದು ಸರ, ನಡುವೆ ಕನ್ನಡಿ. ಆ ವರ್ಷ ಪೇಟೆಯಿಂದ ಏನೂ ತರಲಿಲ್ಲ. ಹಾಗೆ ನೋಡಿದರೆ ಕಣಿಗೆ ಪೇಟೆಯ ಸಾಮಾನು ಬೇಕಾಗುವುದೇ ಇಲ್ಲ, ಎಲ್ಲ ತೋಟದ್ದೇ. ಇಷ್ಟು ವರ್ಷ ನಾವು ಎಂತಕ್ಕೆ ಪೇಟೆಗೆ ಓಡುತ್ತಿದ್ದೆವೋ! ಕೊನ್ನೆ ಹೂ, ಅಂದರೆ ಕಕ್ಕೆ ಹೂ, ಮಾತ್ರ ನಮ್ಮಲ್ಲಿ ಇಲ್ಲ. ಕೆಳಗಿನ ಮನೆಯ ಮಲಯಾಳಿ ಟೀಚರ್ ಒಂದು ಗೊಂಚಲನ್ನು ಗೇಟಿಗೆ ಸಿಕ್ಕಿಸಿ ಹೋಗಿದ್ದರು.

ಬೆಳಿಗ್ಗೆ ಕಣ್ಣು ಮುಚ್ಚಿಕೊಂಡೇ ಎದ್ದು, ಅಮ್ಮನ ಕೈ ಹಿಡಿದು ಬಂದು ಕಣಿ ನೋಡಿದೆವು. ಕನ್ನಡಿಯಲ್ಲಿ ಅಪ್ಪನ ಮುಖ, ಹಿಂದೆ ನನ್ನದು, ಮಗಳದ್ದು, ನನ್ನ ಹೆಂಡತಿಯದ್ದು. ಪ್ರತಿ ವರ್ಷ ಮೂವತ್ತು ಜನ ತುಂಬುತ್ತಿದ್ದ ಮನೆ. ಬೆಂಗಳೂರಿನ ತಮ್ಮ ವಿಡಿಯೋ ಕರೆಯಲ್ಲಿ ಕಣಿ ನೋಡಿದ. ಫೋನನ್ನು ಕನ್ನಡಿಯ ಎದುರು ಹಿಡಿದರೆ ಅದರಲ್ಲಿ ಫೋನೇ ಕಂಡಿತು. ಎಲ್ಲರೂ ನಕ್ಕೆವು. ಅವನು ನಗಲಿಲ್ಲ, ಕರೆ ಕಟ್ಟಾಯಿತು ಎಂದು ಆಮೇಲೆ ಮೆಸೇಜ್ ಹಾಕಿದ.

ನಾವು ಕಾಲಿಗೆ ಬಿದ್ದಾಗ ಅಪ್ಪ ಒಬ್ಬೊಬ್ಬರ ಕೈಗೂ ನಾಣ್ಯ ಇಟ್ಟರು. ಬಿಸುವಿಗೆ ಹಿರಿಯರ ಕೈಯಿಂದ ಸಿಗುವ ದುಡ್ಡು ಅದು. ಅಮ್ಮನಿಗೆ ಕೊಟ್ಟದ್ದು ಐದು ರೂಪಾಯಿ. ಅದನ್ನೂ ಅವಳು ಗಂಟಿಗೆ ಸೇರಿಸಿದಳು, ಟೀಚರ ಹೆಸರಿನ ಒಂದು ರೂಪಾಯಿಯ ಜೊತೆ.

ಹೀಗೆ ಎರಡು ವರ್ಷ. ಸಮಯಕ್ಕೆ ಮೊದಲೇ ಬಂದು ಮೆಷಿನ್ ತೊಳೆದಿಡುತ್ತಿದ್ದ ನರ್ಸಮ್ಮ, ನಾವಿಲ್ಲದ ದಿನ ದನ ಕರೆಯುತ್ತಿದ್ದ ಹುಡುಗ, ಮೋಟರು ಕೆಟ್ಟಾಗ ತೋಟಕ್ಕೆ ನೀರು ಬಿಟ್ಟವರು. ಸಂಬಂಧಿಕರೊಬ್ಬರು ದೊಡ್ಡ ಮೊತ್ತ ಕಳಿಸಿದ್ದರು. ಅವರ ನಾಣ್ಯ ಯಾವುದು ಎಂದು ಕೇಳಿದರೆ ಅಮ್ಮ ತಲೆ ಅಲ್ಲಾಡಿಸಿದಳು. "ದುಡ್ಡು ಕೊಟ್ಟದ್ದು ಸಾಲ. ಅಡಿಕೆ ಮಾರಿ ತೀರಿಸಿದ್ದೇವಲ್ಲ." ನನಗೆ ಈಗಲೂ ಅದು ಸ್ವಲ್ಪ ಅನ್ಯಾಯ ಅನಿಸುತ್ತದೆ. ಅವರು ಬಡ್ಡಿ ಕೇಳಿರಲಿಲ್ಲ.

2022ರ ಅಕ್ಟೋಬರಿನಲ್ಲಿ ಅನಂತಪುರದ ಕೆರೆಯ ಬಬಿಯಾ ತೀರಿಕೊಂಡಿತು. ದೇವಸ್ಥಾನದ ಅನ್ನ ತಿಂದು ಬದುಕಿದ ಮೊಸಳೆ. ನೋಡಲು ಬಂದ ಜನ ಎಷ್ಟು! ಮನೆಯ ಹಿರಿಯರು ಹೋದ ಹಾಗೆ ಹೂವು ಹಾಕಿ ಕಣ್ಣೊರೆಸಿಕೊಂಡರು. ಅಪ್ಪ ಟಿವಿ ನೋಡುತ್ತಾ, "ನನಗೆ ಇಷ್ಟು ಜನ ಬರುವುದಿಲ್ಲ" ಎಂದರು. ತಮಾಷೆಗೇ ಹೇಳಿದ್ದು. ಮುಂದಿನ ತಿಂಗಳು ಅವರೂ ಹೋದರು.

ಜನ ಬಂದರು. ಮದುವೆಗಾದರೆ ಹೇಳಿಕೆ ಕೊಡಬೇಕು, ಇದಕ್ಕೆ ಸುದ್ದಿ ಕಿವಿಗೆ ಬಿದ್ದರೆ ಸಾಕು. ನಾನು ಅಂಗಳಕ್ಕೆ ಬರುವಷ್ಟರಲ್ಲಿ ಮಾವಿನ ಮರಕ್ಕೆ ಕೊಡಲಿ ಬಿದ್ದಿತ್ತು. ಯಾರು ಕಡಿದರು, ಯಾರು ಹೊತ್ತರು, ಬಂದವರಿಗೆ ಚಹಾ ಮಾಡಿದವರು ಯಾರು, ಒಂದೂ ನೆನಪಿಲ್ಲ. ಅಮ್ಮನಿಗೂ ನೆನಪಿರಲಿಕ್ಕಿಲ್ಲ ಎಂದುಕೊಂಡಿದ್ದೆ.

ಆಮೇಲೆ ಮುಡಿಪಿನ ಮಾತು ನಾನೇ ಎತ್ತಿದೆ, ಸ್ವಲ್ಪ ಸಿಟ್ಟಿನಲ್ಲೇ. ಅಪ್ಪನೇ ಇಲ್ಲ, ಇನ್ನು ಹರಕೆ ಎಂತದ್ದು? ಅಮ್ಮ ಅಕ್ಕಿ ಆರಿಸುತ್ತಿದ್ದಳು. "ಅವರನ್ನು ಉಳಿಸು ಅಂತ ನಾನು ಕೇಳಿದ್ದೇ ಅಲ್ಲ. ಆ ರಾತ್ರಿ ಒಬ್ಬರಾದರೂ ಬರಲಿ ಅಂತ ಕೇಳಿದ್ದು."

ಮಧೂರಿನಲ್ಲಿ ಮೂಲದೇವರು ಶಿವ, ಮದನಂತೇಶ್ವರ. ಹುಲ್ಲು ಕೊಯ್ಯಲು ಹೋದ ಮದರು ಎಂಬ ಹೆಂಗಸಿನ ಕತ್ತಿ ತಾಗಿ ಲಿಂಗ ಸಿಕ್ಕಿತು, ಅವಳ ಹೆಸರೇ ಊರಿಗೆ ಬಂತು ಎಂದು ಕಥೆ. ದೇವರನ್ನು ಕಂಡವಳ ಹೆಸರು ದೇವರಿಗೂ ಅಂಟಿಕೊಂಡಿತು. ಮುಂದೆ ಒಬ್ಬ ಹುಡುಗ ಆಟಕ್ಕೆ ಗರ್ಭಗುಡಿಯ ಗೋಡೆಯಲ್ಲಿ ಗಣಪತಿ ಚಿತ್ರ ಬರೆದನಂತೆ. ಅದು ದಿನದಿಂದ ದಿನಕ್ಕೆ ಬೆಳೆದು ಬೊಡ್ಡ ಗಣಪತಿ ಆಯಿತು. ಈಗ ಊರಿಗೂರೇ ಓಡುವುದು ಆ ಗಣಪತಿಯ ಹತ್ತಿರ. ಶಿವ ಬೇಸರ ಮಾಡಿಕೊಂಡ ಹಾಗೆ ಕಾಣುವುದಿಲ್ಲ. ಮಗನನ್ನು ಕೇಳಿಕೊಂಡು ಬಂದವರಿಗೆ ಚಾವಡಿಯಲ್ಲಿ ಕೂತು ದಾರಿ ತೋರಿಸುವ ಯಜಮಾನರ ಹಾಗೆ ಇದ್ದಾನೆ. ಜೋರು ಮಳೆಗೆ ಮಧುವಾಹಿನಿ ತುಂಬಿದರೆ ಹೊಳೆಯೇ ಅಂಗಣಕ್ಕೆ ಬರುತ್ತದೆ. ನಮ್ಮ ಮನೆಯವರೆಲ್ಲ ಒಮ್ಮೆ ಮೊಣಕಾಲು ನೀರಿನಲ್ಲಿ ನಿಂತು ಪ್ರಸಾದ ತೆಗೆದುಕೊಂಡದ್ದುಂಟು.

ಇಲ್ಲಿಯ ದೊಡ್ಡ ಸೇವೆ ಮೂಡಪ್ಪ. ಗಣಪತಿಯನ್ನು ಅಪ್ಪದಿಂದ ಮುಚ್ಚಿಬಿಡುವ ಸೇವೆ. 1992ರಲ್ಲಿ ಆಗಿತ್ತು. ಆಗ ನನಗೆ ಎಂಟು ವರ್ಷ. "ಗಣಪತಿಯನ್ನು ಅಪ್ಪದಲ್ಲಿ ಮುಚ್ಚುತ್ತಾರೆ" ಎಂದು ಅಜ್ಜಿ ಹೇಳಿದ್ದು ನನ್ನ ಕಿವಿಗೆ ಬೇರೆಯೇ ಆಗಿ ಬಿತ್ತು. ಊರಿನ ಅಪ್ಪಂದಿರನ್ನೆಲ್ಲ ಹಿಡಿದು ದೇವರ ಮೇಲೆ ಹಾಕುತ್ತಾರೆ ಎಂದುಕೊಂಡೆ. ಆ ದಿನವಿಡೀ ಅಪ್ಪನ ಪಂಚೆಯ ತುದಿ ಬಿಡಲಿಲ್ಲವಂತೆ. ಈ ಕಥೆಯನ್ನು ಅಪ್ಪ ಸಾಯುವವರೆಗೂ ಬಂದವರಿಗೆಲ್ಲ ಹೇಳಿದರು, ನನ್ನ ಮದುವೆಯ ಊಟದ ಪಂಕ್ತಿಯಲ್ಲೂ.

ಮತ್ತೆ ಮೂಡಪ್ಪ ಆದದ್ದು 33 ವರ್ಷದ ಮೇಲೆ, 2025ರಲ್ಲಿ, ಬ್ರಹ್ಮಕಲಶೋತ್ಸವದ ಜೊತೆಗೆ. ಸುದ್ದಿ ಕೇಳಿದ್ದೇ ಅಮ್ಮ ಪಟದ ಹಿಂದೆ ಕೈ ಹಾಕಿ ಗಂಟು ಮುಟ್ಟಿ ನೋಡಿದಳು.

ಊರಿಂದ ಹಸಿರುವಾಣಿ ಹೊರೆಕಾಣಿಕೆ ಹೊರಟಿತು. ಒಬ್ಬರು ಬಾಳೆಗೊನೆ, ಒಬ್ಬರು ತೆಂಗಿನಕಾಯಿ, ಒಬ್ಬರು ಅಕ್ಕಿ. ಕುಂಬಳಕಾಯಿ ಬೇಕಾದ್ದಕ್ಕಿಂತ ಜಾಸ್ತಿಯೇ ಬಂದಿತ್ತು, ಪ್ರತಿ ಸಲದ ಹಾಗೆ. ನಾನು ಒಂದು ರಾತ್ರಿ ತರಕಾರಿ ಹೆಚ್ಚಲು ಹೋಗಿದ್ದೆ. ನಮ್ಮಲ್ಲಿ ಅದನ್ನು ಬೆಂದಿಗೆ ಕೊರೆಯುವುದು ಅನ್ನುತ್ತಾರೆ. ಸಾಲಾಗಿ ಕೂತು ಹೆಚ್ಚುತ್ತಾ ಹೋಗುವುದು, ಬಾಯಿ ಮಾತ್ರ ನಿಲ್ಲುವುದಿಲ್ಲ. ನನ್ನ ಎಡಗಡೆ ಕೂತಿದ್ದವರು, "ನಿಮ್ಮ ಅಪ್ಪ ಸೌತೆಕಾಯಿಯನ್ನು ಇದಕ್ಕಿಂತ ದಪ್ಪ ಕೊರೆಯುತ್ತಿದ್ದರು" ಎಂದರು. ಯಾರೋ ನನಗೆ ಗೊತ್ತಿಲ್ಲ. ಎಷ್ಟು ಮದುವೆ, ಎಷ್ಟು ಉಪನಯನಗಳಲ್ಲಿ ಅಪ್ಪ ಹೀಗೆ ಕೂತು ಕೊರೆದಿದ್ದರೋ. ಆಸ್ಪತ್ರೆಗೆ ಕಾರು ಬಂದದ್ದು ಆ ಒಂದು ದಿನಕ್ಕೆ ಎಂದು ತಿಳಿದಿದ್ದೆ. ಅದು ಹೊರಟು ಮೂವತ್ತು ನಲವತ್ತು ವರ್ಷ ಆಗಿರಬೇಕು.

ನಾವು ಸೇವೆಗೆ ಹೋಗುವ ಹಿಂದಿನ ದಿನ ರಾತ್ರಿ ಅಮ್ಮ ಗಂಟು ಬಿಚ್ಚಿ ಹರಿವಾಣಕ್ಕೆ ಸುರಿದಳು. ಒಂದೊಂದನ್ನೇ ಆಚೆ ಸರಿಸುತ್ತಾ ಹೆಸರು ಹೇಳಿದಳು. ಮಾವಿನ ಮರ ಕಡಿದವರು ಮೂವರು. ಚಹಾ ಮಾಡಿದವಳು ಟೀಚರ ಮಗಳು. ಅಪ್ಪನನ್ನು ಹೊರಗೆ ಮಲಗಿಸಿದಾಗ ಕೊಡೆ ಹಿಡಿದು ನಿಂತ ಹುಡುಗನಿಗೂ ಒಂದು. ಆ ದಿನ ಮಳೆ ಬಂದಿತ್ತು ಎನ್ನುವುದೇ ನನಗೆ ಮರೆತು ಹೋಗಿತ್ತು. ಹರಕೆ ಹೇಳಿದ ಮೊದಲ ರೂಪಾಯಿ ಬಿಟ್ಟರೆ ಒಟ್ಟು ಇಪ್ಪತ್ತೆರಡು ಹೆಸರು.

ಮರುದಿನ ಇಚ್ಚನ ಆಟೋದಲ್ಲೇ ಹೋದೆವು. ಜನಸಾಗರ. ದೂರದಲ್ಲೇ ಇಳಿದು ನಡೆಯಬೇಕಾಯಿತು. ಸಾಲಿನಲ್ಲಿ ಎರಡು ಗಂಟೆ ನಿಂತಿರಬೇಕು. ಬಿಸಿಲು, ಬೆವರು, ಚೆಂಡೆ, ತುಪ್ಪದ ಪರಿಮಳ. ಒಳಗೆ ಗಣಪತಿ ಕಂಡದ್ದು ಎರಡೇ ಕ್ಷಣ, ಅದೂ ಮುಂದಿನವರ ಭುಜದ ಮೇಲಿಂದ. ಅಷ್ಟು ಅಪ್ಪದ ನಡುವೆ ಆ ಮುಖ. ನನ್ನ ಕೈ ತನ್ನಷ್ಟಕ್ಕೇ ಪಕ್ಕಕ್ಕೆ ಹೋಯಿತು, ಪಂಚೆಯ ತುದಿ ಹುಡುಕಿಕೊಂಡು. ಸಿಕ್ಕಿದ್ದು ಮಗಳ ಕೈ.

ಹೊರಗೆ ಬಂದು ಕಾಣಿಕೆ ಡಬ್ಬಿಯ ಎದುರು ಅಮ್ಮ ನಿಂತುಬಿಟ್ಟಳು. ಹಿಂದಿನವರು ತಳ್ಳುತ್ತಿದ್ದಾರೆ. "ಒಂದು ಕಮ್ಮಿ ಉಂಟು" ಎಂದಳು.

"ನಿನ್ನೆ ಎಣಿಸಿದ್ದಲ್ವಾ?"

"ಇವಳದ್ದು ಹಾಕಲೇ ಇಲ್ಲ."

ಇವಳು ಅಂದರೆ ನನ್ನ ಹೆಂಡತಿ. ಎರಡೂವರೆ ವರ್ಷ ಅಪ್ಪನಿಗೆ ಉಪ್ಪಿಲ್ಲದ ಅಡುಗೆ ಬೇರೆ, ನಮಗೆ ಬೇರೆ ಮಾಡಿದವಳು. ಅಪ್ಪ ಕುಡಿದ ನೀರನ್ನು ಲೋಟದ ಲೆಕ್ಕದಲ್ಲಿ ಕ್ಯಾಲೆಂಡರಿನ ಮೇಲೆ ಬರೆದಿಟ್ಟವಳು. ಅವಳು ನಾಚಿಕೊಂಡು, "ನನಗೆಂತಕ್ಕೆ ಅತ್ತೆ, ನಡೀರಿ, ಜನ ಕಾಯ್ತಾ ಇದ್ದಾರೆ" ಎಂದಳು. ಅಮ್ಮ ಕದಲಲಿಲ್ಲ. ನನ್ನ ಕಡೆ ಕೈ ಚಾಚಿದಳು.

ಜೇಬು ತಡಕಿದೆ. ಐನೂರರ ನೋಟು, ಫೋನು. ಚಿಲ್ಲರೆ ಯಾರ ಹತ್ತಿರ ಉಂಟು ಈಗ? ಹಿಂದೆ ನಿಂತಿದ್ದ ಒಬ್ಬರು ಅಜ್ಜಿ ಇದನ್ನೆಲ್ಲ ನೋಡುತ್ತಿದ್ದರು. ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ತೆಗೆದು ಅಮ್ಮನ ಅಂಗೈಯಲ್ಲಿಟ್ಟರು. ಅಮ್ಮ ಅದನ್ನು ಸೇರಿಸಿ ಇಡೀ ಗಂಟನ್ನು ಡಬ್ಬಿಗೆ ಹಾಕಿ ಕೈ ಮುಗಿದಳು. ತಿರುಗಿ ನೋಡುವಷ್ಟರಲ್ಲಿ ಅಜ್ಜಿ ಜನರ ನಡುವೆ ಮುಂದೆ ಹೋಗಿದ್ದರು.

"ಅವರ ಊರು ಕೇಳಿದೆಯಾ?"

"ಇಲ್ಲ."

"ಹೆಸರು?"

ಅದೂ ಇಲ್ಲ. ಆಟೋದ ಹತ್ತಿರ ಬರುವವರೆಗೂ ಬೈಸಿಕೊಂಡೆ. ಇಚ್ಚನಿಗೆ ಅಂತ ಬಾಳೆಲೆಯಲ್ಲಿ ಸುತ್ತಿ ತಂದಿದ್ದ ಅಪ್ಪಗಳಲ್ಲಿ ಅವರು ಒಂದನ್ನು ಅಲ್ಲೇ ತಿಂದರು, ಉಳಿದದ್ದನ್ನು ಮಕ್ಕಳಿಗೆ ಎಂದು ಡ್ಯಾಶ್‌ಬೋರ್ಡಿನಲ್ಲಿಟ್ಟರು.

ಮೊನ್ನೆ ಪಟ ಒರೆಸಲು ಹೋದೆ. ಹಿಂದಿನ ಮೊಳೆಯಲ್ಲಿ ಹೊಸ ಹಳದಿ ಬಟ್ಟೆ. ಒಳಗೆ ಒಂದೇ ಒಂದು ನಾಣ್ಯ.