ಮ್ಯಾಕರೋನಿ ಡಬ್ಬಿಯ ಹಿಂಬದಿ

ನ್ಯೂಜೆರ್ಸಿಯ ಎಡಿಸನ್ ಊರಿನಲ್ಲಿ ಹೊರಗೆ ಹಿಮ, ಒಳಗೆ ಹಸಿವು. ಫ್ರೀಜರಿನಲ್ಲಿದ್ದ ಮ್ಯಾಕರೋನಿ ಚೀಸನ್ನು ಮೈಕ್ರೋವೇವ್‌ನಲ್ಲಿಟ್ಟೆ. ಅದು ತಿರುಗುವಷ್ಟು ಹೊತ್ತು ಸುಮ್ನೆ ಡಬ್ಬಿಯ ಹಿಂಬದಿ ಓದಿದೆ.

ಉಪ್ಪಿನಲ್ಲಿರುವ ಸೋಡಿಯಂ 920 ಮಿಲಿಗ್ರಾಂ! ಅಮೆರಿಕದ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ 2,300 ದಾಟಬಾರದು. ಅಂದರೆ ಶೇ. 40 ಇದೊಂದರಲ್ಲೇ ಮುಗಿಯಿತು. ಇಲ್ಲಿ ಶೇ. 20 ಮುಟ್ಟಿದರೇ ಜಾಸ್ತಿ ಅಂತಾರೆ. ಚೀಸ್ ಇರುವುದರಿಂದ ಪ್ರೋಟೀನ್, ಕ್ಯಾಲ್ಸಿಯಂ ಪರವಾಗಿಲ್ಲ. ನಾರು ಮಾತ್ರ ಬರೀ 2 ಗ್ರಾಂ. ತೌಡು ತೆಗೆದ ಗೋಧಿಯ ಪಾಸ್ತಾದಲ್ಲಿ ಇನ್ನೇನಿರುತ್ತೆ?

‘ಫ್ರೀಜರಿನಲ್ಲಿಟ್ಟರೆ ಸತ್ವವೆಲ್ಲ ಹೋಗುತ್ತೆ ಕಣೇ’ ಅಂತ ಅಮ್ಮ ಫೋನಿನಲ್ಲಿ ಬೈದರು. ತಪ್ಪು ಫ್ರೀಜರಿನದಲ್ಲ ಅಮ್ಮಾ, ಉಪ್ಪಿನದು.

ಒಂದು ಹಿಡಿ ಹಸಿರು ಬಟಾಣಿ ಬೇಯಿಸಿ ಬೆರೆಸಿದೆ. ಅರ್ಧ ತಿಂದು ಎತ್ತಿಟ್ಟೆ. ಉಳಿದದ್ದಕ್ಕೆ ನಮ್ಮವರು ರಾತ್ರಿ ಚಟ್ನಿಪುಡಿ ಉದುರಿಸಿಕೊಂಡರು. ಅದರಲ್ಲೂ ಉಪ್ಪಿದೆ ಅಲ್ವಾ!