ಮಾಂಡೋವಿಯ ಮೇಲೆ ಇಪ್ಪತ್ತೊಂದರ ಗೆರೆ

ಬೆಳಗಾವಿಯಿಂದ ಚೋರ್ಲಾ ಘಾಟಿನ ದಾರಿ ಹಿಡಿದು, ಕಣಕುಂಬಿ ದಾಟಿ ಇಳಿದರೆ, ನಮ್ಮಲ್ಲಿ ಮಹದಾಯಿ ಎನಿಸಿಕೊಂಡ ನದಿ ಪಣಜಿಯಲ್ಲಿ ಮಾಂಡೋವಿಯಾಗಿ ಎದುರಾಗುತ್ತದೆ. ನೀರಿನ ಹಂಚಿಕೆಗಾಗಿ ಎರಡು ರಾಜ್ಯಗಳು ದಶಕಗಳಿಂದ ವ್ಯಾಜ್ಯವಾಡುತ್ತಿರುವ ಇದೇ ನದಿಯಲ್ಲಿ ಕ್ಯಾಸಿನೊ ಹಡಗುಗಳು ಲಂಗರು ಹಾಕಿ ನಿಂತಿವೆ. ಅಲ್ಲಿಗೆ ಹೋಗುವವರಲ್ಲಿ ನಮ್ಮವರೇನೂ ಕಡಿಮೆಯಿಲ್ಲವೆಂಬುದು, ದಂಡೆಯ ಟಿಕೆಟ್ ಕೌಂಟರಿನ ಸರದಿಯಲ್ಲಿ ಕಿವಿಗೆ ಬಿದ್ದ ಕನ್ನಡದಿಂದಲೇ ತಿಳಿಯಿತು.

ಕೌಂಟರಿನಲ್ಲಿ ಗುರುತಿನ ಚೀಟಿಯ ಜನ್ಮದಿನಾಂಕವನ್ನು ಎರಡೆರಡು ಬಾರಿ ನೋಡುತ್ತಾರೆ. 21 ತುಂಬದವರಿಗೆ ಜೂಜಿನ ಅಂಕಣಕ್ಕೆ ಪ್ರವೇಶವಿಲ್ಲ. ನನ್ನ ಮುಂದಿದ್ದ ಹುಬ್ಬಳ್ಳಿ ಕಡೆಯ ಗುಂಪಿನಲ್ಲಿ ಒಬ್ಬನಿಗೆ ಇನ್ನೂ ಇಪ್ಪತ್ತು. ಅವನ ಗೆಳೆಯ ನನ್ನತ್ತ ತಿರುಗಿ, "ಓಟ್ ಹಾಕಾಕ ಬರ್ತೈತಿ, ಒಳಗ ಹೋಗಾಕ ಬರೂದಿಲ್ಲಂದ್ರ ಹ್ಯಾಂಗ್ರೀ ಸರ?" ಎಂದು ಕೇಳಿದ. ಪ್ರಶ್ನೆ ತಕ್ಕದ್ದೇ. ಹದಿನೆಂಟಕ್ಕೆ ಮತದಾನದ ಹಕ್ಕಿದೆ, ಕರಾರಿಗೆ ಸಹಿ ಹಾಕುವ ಅರ್ಹತೆಯಿದೆ, ಗೋವಾದಲ್ಲಿ ಮದ್ಯ ಕೊಳ್ಳಲೂ ಅದೇ ವಯಸ್ಸು ಸಾಕು. ಜೂಜಿಗೆ ಮಾತ್ರ ಮೂರು ವರ್ಷ ಹೆಚ್ಚು ಕಾಯಬೇಕು. ಆದರೆ ಇದು ಗೋವಾದ ವಿಚಿತ್ರವೇನಲ್ಲ. ಜೂಜಿನಿಂದಲೇ ಬದುಕುವ ಚೀನಾದ ಮಕಾವ್ ಕೂಡ 2012ರಲ್ಲಿ ಪ್ರವೇಶದ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು.

ಗೋವಾದ 1976ರ ಜೂಜು ಕಾಯಿದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಗಳಿಗೆ ಅವಕಾಶ ಕೊಟ್ಟರು. 1996ರಲ್ಲಿ ಹಡಗುಗಳಲ್ಲಿ ಮೇಜಿನ ಆಟಗಳಿಗೂ ದಾರಿಯಾಯಿತು. 2020ರ ಫೆಬ್ರುವರಿ 1ರಿಂದ ಗೋವಾದವರೇ, ವಯಸ್ಸು ಎಷ್ಟಾದರೂ ಇರಲಿ, ಜೂಜಾಡಲು ಒಳಗೆ ಹೋಗುವಂತಿಲ್ಲ. ತನ್ನ ಮಕ್ಕಳಿಗೆ ಸಲ್ಲದ್ದು ನೆರೆಮನೆಯ ಮಕ್ಕಳಿಗೆ ಸಲ್ಲುತ್ತದೆ ಎಂಬ ಈ ಲೆಕ್ಕಾಚಾರ ನನಗೆ ಒಪ್ಪಿಗೆಯಾಗಲಿಲ್ಲ.

ಚಿಕ್ಕ ದೋಣಿ ನಮ್ಮನ್ನು ಹಡಗಿಗೆ ಮುಟ್ಟಿಸಿತು. ಪ್ರವೇಶದ ದರದಲ್ಲೇ ಊಟ, ಮದ್ಯ ಮತ್ತು ಹಣದ ಬದಲು ಪಣಕ್ಕಿಡುವ ಬಿಲ್ಲೆಗಳಾದ ಒಂದಿಷ್ಟು ಚಿಪ್ಪುಗಳು ಸೇರಿರುತ್ತವೆ. ಆ ಚಿಪ್ಪುಗಳನ್ನು ಆಡಬಹುದೇ ಹೊರತು ನಗದಾಗಿಸುವಂತಿಲ್ಲ. ಒಂದು ಮೇಜಿನಲ್ಲಿ ಅಂದರ್ ಬಾಹರ್ ನಡೆದಿತ್ತು. ಊರಿನ ಹೊಲದ ಬದುವಿನಲ್ಲಿ ಆಡಿದರೆ ಪೊಲೀಸರು ದಾಳಿ ಮಾಡಿ, ಮರುದಿನದ ಪತ್ರಿಕೆಯಲ್ಲಿ ಆಡಿದವರ ಹೆಸರು ಬರುವ ಅದೇ ಆಟಕ್ಕೆ ಇಲ್ಲಿ ಹಸಿರು ಬಟ್ಟೆಯೂ ಸಮವಸ್ತ್ರದ ಸಿಬ್ಬಂದಿಯೂ ಇದ್ದರು.

ನಾನು ಬಹಳ ಹೊತ್ತು ನಿಂತದ್ದು ರೂಲೆಟ್ ಚಕ್ರದ ಬಳಿ. ಚಕ್ರದಲ್ಲಿ 18 ಕೆಂಪು, 18 ಕಪ್ಪು, ಒಂದು ಸೊನ್ನೆ ಸೇರಿ 37 ಮನೆಗಳು. ತಿರುಗುವ ಚಕ್ರದಲ್ಲಿ ಬಿಟ್ಟ ಗುಂಡು ಯಾವ ಮನೆಯಲ್ಲಿ ನಿಲ್ಲುತ್ತದೆಂಬುದರ ಮೇಲೆ ಪಣ. ಒಂದೇ ಅಂಕಿಗೆ ಕಟ್ಟಿ ಗೆದ್ದರೆ, ಕಟ್ಟಿದ ಹಣದ ಜೊತೆಗೆ ಅದರ 35 ಪಟ್ಟು ಕೊಡುತ್ತಾರೆ. ಅಂದರೆ ನೂರು ರೂಪಾಯಿ ಕಟ್ಟಿದಾಗಲೆಲ್ಲ ಸರಾಸರಿ ₹2.70 ಹಡಗಿನವರ ಪಾಲಾಗುತ್ತದೆ. ಅಲ್ಪವೆಂದು ಕಾಣುವ ಈ ಮೊತ್ತ, ಚಕ್ರ ನಿಲ್ಲದೆ ತಿರುಗುತ್ತಿರುವುದರಿಂದ ರಾತ್ರಿಯಿಡೀ ಬೆಳೆಯುತ್ತದೆ. ಮೇಜಿನ ಪಕ್ಕದ ಫಲಕದಲ್ಲಿ ಹಿಂದಿನ ಫಲಿತಾಂಶಗಳು ಸಾಲಾಗಿ ಮಿನುಗುತ್ತಿದ್ದವು. ಅದನ್ನು ಓದುತ್ತಿದ್ದ ಒಬ್ಬ ತರುಣ, "ಐದು ಸಲ ಕಪ್ಪು ಬಂದೈತಿ, ಈಗ ಕೆಂಪು ಬರಲೇಬೇಕು" ಎಂದು ಜೊತೆಗಾರನಿಗೆ ವಿವರಿಸಿ, ಪಣವನ್ನು ದುಪ್ಪಟ್ಟು ಮಾಡಿದ. ಚಕ್ರಕ್ಕೆ ನೆನಪೆಂಬುದಿಲ್ಲ, ಆರನೆಯ ಬಾರಿಯೂ ಕೆಂಪಿನ ಸಾಧ್ಯತೆ 37ರಲ್ಲಿ 18 ಮಾತ್ರ. ಫಲಕವನ್ನು ಅಲ್ಲಿ ನಿಲ್ಲಿಸಿರುವುದು ಆಟಗಾರನ ಅನುಕೂಲಕ್ಕಂತೂ ಅಲ್ಲ.

ಆ ತರುಣನಿಗೆ ಇಪ್ಪತ್ತನಾಲ್ಕರ ಆಸುಪಾಸು ಇರಬಹುದು. ಮಾತಿನಿಂದ ಬೆಂಗಳೂರಿನಲ್ಲಿ ನೌಕರಿಯಲ್ಲಿರುವವನೆಂದು ತಿಳಿಯಿತು. ಕಾಯಿದೆಯ ಗೆರೆಯನ್ನು ಅವನು ಸಲೀಸಾಗಿ ದಾಟಿದ್ದ. ವಿದ್ಯಾರ್ಥಿಗಳನ್ನು ದಂಡೆಯಲ್ಲೇ ತಡೆಯುವ ಮಟ್ಟಿಗೆ 21ರ ಮಿತಿ ಉಪಯುಕ್ತವೇ, ಅದನ್ನು ಇಳಿಸಬೇಕೆಂಬ ವಾದವನ್ನು ನಾನು ಒಪ್ಪಲಾರೆ. ಆದರೆ ಮನೆಯವರ ಕಣ್ಗಾವಲಿಲ್ಲದೆ, ಮೊದಲ ಸಂಬಳ ಮತ್ತು ಮೊದಲ ಕ್ರೆಡಿಟ್ ಕಾರ್ಡ್ ಕೈಗೆ ಬರುವುದು ಆ ಮಿತಿ ದಾಟಿದ ಮೇಲೆಯೇ. ಸಿಂಗಪುರದಲ್ಲಿಯೂ ವಯೋಮಿತಿ 21. ಅದರ ಜೊತೆಗೆ ಅಲ್ಲಿನ ನಾಗರಿಕರು 2019ರಿಂದ ದಿನಕ್ಕೆ 150 ಸಿಂಗಪುರ ಡಾಲರ್ ಪ್ರವೇಶ ಸುಂಕ ತೆರಬೇಕು. ಜೂಜಿಗೆ ಬಿದ್ದವನ ತಂದೆತಾಯಿ ಅಥವಾ ಹೆಂಡತಿ ಅರ್ಜಿ ಕೊಟ್ಟು ಅವನ ಪ್ರವೇಶವನ್ನೇ ತಡೆಯಬಹುದು. ಪಣಜಿಯ ಕೌಂಟರಿನಲ್ಲಿ ಜನ್ಮದಿನಾಂಕ ನೋಡುವವರ ಮುಂದೆ ಹಾಗೆ ತಡೆಯಲ್ಪಟ್ಟವರದೊಂದು ಪಟ್ಟಿಯೂ ಇದ್ದರೆ, ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಕುಳಿತ ಒಬ್ಬ ತಾಯಿಯ ಅರ್ಜಿಗೂ ಅಲ್ಲಿ ಬೆಲೆ ಬಂದೀತು.